ಮೊದಲು ಡೊಂಕು ಮರ: ಉಡುಪಿ ಕಡೆಯ ಒಂದು ಹಾಡಿಯ ಪ್ರಕರಣ

ಈ ಮನೆಯವರ ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಉಡುಪಿ ಜಿಲ್ಲೆಯ ಒಳನಾಡಿನ ಒಂದು ಹಳೆಯ ಮನೆ ಅಂತ ಇಟ್ಟುಕೊಳ್ಳಿ. ಯಜಮಾನರನ್ನು ದೊಡ್ಡಪ್ಪ ಎನ್ನುತ್ತೇನೆ, ಅವರ ತಮ್ಮನ ಮಗನನ್ನು ಹುಡುಗ ಎನ್ನುತ್ತೇನೆ. ಹುಡುಗನಿಗೆ ಆಗ 34 ವರ್ಷ. ನಾನು ಮರದ ಮಿಲ್ಲಿನಲ್ಲಿ 20 ವರ್ಷಕ್ಕಿಂತ ಜಾಸ್ತಿ ಕಾಲ ದಿಮ್ಮಿ ಅಳೆದು ಲೆಕ್ಕ ಬರೆದವನು. ಒಂದು ದಿನದ ಕೆಲಸ, ಮರ ಅಳೆದು ಕೊಡಿ ಎಂದು ಕರೆದಿದ್ದರು. ಆ ಒಂದು ದಿನ 6 ವರ್ಷವಾಯಿತು.

ಹಾಡಿ ಮತ್ತು ಮನೆ

ಅಡಿಕೆ ತೋಟದ ಮೇಲ್ಬದಿಗೆ ಮುರಕಲ್ಲಿನ ಇಳಿಜಾರು. ಅಲ್ಲಿ ಸುಮಾರು ನಾಲ್ಕೂವರೆ ಎಕರೆ ಹಾಡಿ, ಅಂದರೆ ಮನೆ ಹತ್ತಿರದ ಸಣ್ಣ ಕಾಡು. ಹೆಬ್ಬಲಸು ಜಾಸ್ತಿ. ತುಳುವಿನಲ್ಲಿ ಪೆಜಕಾಯಿ ಅಂತಾರಲ್ಲ, ಅದೇ. ನಡುವೆ ಹಲಸು, ಮತ್ತಿ, ಬೋಗಿ, ಕಾಟುಮಾವು, ಪುನರ್ಪುಳಿ. ಕೆಳಗಿನ ಮೂಲೆಯಲ್ಲಿ ನಾಗಬನ. ಅದಕ್ಕೆ ಯಾರೂ ಕತ್ತಿ ಹಾಕಿದವರಿಲ್ಲ. ಹಾಡಿಯ ದರಗು (ಒಣ ಎಲೆ) ದನದ ಹಟ್ಟಿಗೆ ಹೋಗುತ್ತದೆ, ಸೊಪ್ಪು ತೋಟಕ್ಕೆ ಹೋಗುತ್ತದೆ. ಏಪ್ರಿಲ್‌ನಲ್ಲೂ ಬಾವಿಯಲ್ಲಿ ನೀರು ಉಂಟು ಎಂದರೆ ಅದು ಹಾಡಿಯಿಂದ ಎಂದು ದೊಡ್ಡಪ್ಪ ಹೇಳುತ್ತಾರೆ.

ಮನೆ ಹಂಚಿನದ್ದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ನಮ್ಮ ಕಡೆ ಮುಳಿಹುಲ್ಲಿನ ಮಾಡು (ಮನೆಯ ಸೂರು) ನಿಧಾನಕ್ಕೆ ಹೋಗಿ ಹಂಚಿನ ಮಾಡು ಬಂತು. ಹಂಚಿನ ಭಾರ ಹೊರಲು ಗಟ್ಟಿ ಪಕ್ಕಾಸು (ಇಳಿಜಾರಿನ ತೊಲೆ) ಬೇಕು, ರೀಪು (ಅಡ್ಡಪಟ್ಟಿ) ಬೇಕು. ಆ ಮರ ಇಂಥ ಹಾಡಿಗಳಿಂದಲೇ ಬಂತು. ಈ ಮನೆಯ ಮಾಡೂ ಹಾಗೇ ಆದದ್ದು, ಈಗಿನವರ ಮುತ್ತಜ್ಜನ ಕಾಲದಲ್ಲಿ.

ಆ ಮಾಡು ಈಗ ಸೋರುತ್ತಿತ್ತು. ಪಡುಬದಿಯ ರೀಪುಗಳಿಗೆ ಒರಲೆ (ಗೆದ್ದಲು) ಹಿಡಿದಿತ್ತು. ಮಾಡು ಬಿಚ್ಚಿ ಕಬ್ಬಿಣದ ಪೈಪು, ಶೀಟು ಹಾಕಿಸುವುದು ಎಂದು ಮಾತಾಗಿತ್ತು. ಅದಕ್ಕೆ ಹಣ ಬೇಕು. ಹಾಡಿಯ 23 ಮರಗಳನ್ನು ನಿಂತಲ್ಲೇ ಒಟ್ಟು ಬೆಲೆಗೆ ಕೊಡುವುದು ಎಂದು ಒಬ್ಬ ಮರದ ವ್ಯಾಪಾರಿಯ ಹತ್ತಿರ ಮಾತುಕತೆ ನಡೆದಿತ್ತು.

ಮರ ಮಾರಿ, ಮರದ ಮಾಡು ತೆಗೆದು, ಕಬ್ಬಿಣ ಹಾಕುವುದು. ಇದು ಅವರ ಮನೆಯ ಮಾತು ಮಾತ್ರ ಅಲ್ಲ. ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡೂ ಜಿಲ್ಲೆಯಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಆಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಳತೆ

ಮೊದಲ ದಿನ ನಾನು ಮಾಡಿದ್ದು ಬರೀ ಅಳತೆ. ವ್ಯಾಪಾರದಲ್ಲಿ ದಿಮ್ಮಿ ಅಳೆಯುವುದು ಕಾಲು ಸುತ್ತಳತೆಯ ಲೆಕ್ಕದಲ್ಲಿ. ಹಗ್ಗ ಸುತ್ತಿ, ಅದನ್ನು ನಾಲ್ಕು ಮಡಿಕೆ ಮಾಡಿ, ಬಂದ ಅಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವುದು. ಸುತ್ತಳತೆ 4 ಅಡಿ, ಉದ್ದ 10 ಅಡಿ ಇದ್ದರೆ 10 ಘನ ಅಡಿ. ಆದರೆ ದುಂಡಗಿನ ದಿಮ್ಮಿಯ ನಿಜವಾದ ಗಾತ್ರ 12.7 ಘನ ಅಡಿ. ನೂರರಲ್ಲಿ ಸುಮಾರು 21 ಪಾಲು ಲೆಕ್ಕಕ್ಕೇ ಬರುವುದಿಲ್ಲ. ಇದು ಮೋಸ ಅಲ್ಲ. ಚೌಕ ಮಾಡುವಾಗ ಸಿಪ್ಪೆ ಹೋಗುತ್ತದೆ, ಅದಕ್ಕೆ ಬಿಟ್ಟ ಜಾಗ. ಎಲ್ಲರೂ ಹಾಗೇ ಅಳೆಯುತ್ತಾರೆ. ಆದರೆ ಮಾರುವವರಿಗೆ ಇದು ಗೊತ್ತಿರಬೇಕು, ಅಲ್ವಾ? ದೊಡ್ಡಪ್ಪನಿಗೆ 71 ವರ್ಷದಲ್ಲಿ ಮೊದಲ ಸಲ ಗೊತ್ತಾಯಿತು.

ಇನ್ನೊಂದು ಸಂಗತಿ ಜಾಸ್ತಿ ದೊಡ್ಡದು. ವ್ಯಾಪಾರಿಯ ಲೆಕ್ಕದಲ್ಲಿ 6 ಅಡಿಗಿಂತ ಗಿಡ್ಡ ತುಂಡು, ಡೊಂಕು ತುಂಡು, ದಪ್ಪ ಗೆಲ್ಲು ಎಲ್ಲವೂ ಸೌದೆ. 23 ಮರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮರ ಡೊಂಕಿದ್ದವು. ಅಂದರೆ ಹಾಡಿಯ ಬಹುಪಾಲು ಮರ ಸೌದೆಯ ಬೆಲೆಗೆ ಹೋಗುವುದರಲ್ಲಿತ್ತು.

ನಾಟಾಕ್ಕೆ (ಕೊಯ್ದು ಬಳಸುವ ಮರಕ್ಕೆ) ಬರುವ ಜಾತಿಯ ಹಾಡಿಯಲ್ಲಿ ಇಷ್ಟು ಡೊಂಕು ಯಾಕೆ? ಹೆಬ್ಬಲಸು ನೆಟ್ಟಗೆ ಬೆಳೆಯುವ ಮರ. ದೊಡ್ಡಪ್ಪನೇ ಉತ್ತರ ಹೇಳಿದರು. “ಅಜ್ಜ ಇದ್ದಾಗ ಒಮ್ಮೆ ಕೊಟ್ಟದ್ದು, ಅಪ್ಪ ಇದ್ದಾಗ ಎರಡು ಸಲ. ಪ್ರತಿ ಸಲವೂ ಬಂದವರು ಚಂದ ಇದ್ದದ್ದನ್ನೇ ಕೊಂಡುಹೋದದ್ದು ಮಾರಾಯ್ರೆ. ಉಳಿದದ್ದು ಇದು.”

ಈ ಮಾತು ನನ್ನ ತಲೆಯಲ್ಲಿ ಇವತ್ತಿಗೂ ಉಂಟು. ಮೂರು ಸಲವೂ ನೆಟ್ಟಗಿನ ಮರ ಹೋಯಿತು, ಡೊಂಕು ಉಳಿಯಿತು. ಬೀಜ ಉದುರಿಸಿದ್ದು ಆ ಉಳಿದ ಮರಗಳೇ. ಡೊಂಕೆಲ್ಲ ಬೀಜದ್ದೇ ದೋಷ ಅಂತ ಹೇಳಲಾಗದು. ಸೊಪ್ಪು ಕಡಿಯುವಾಗ ತುದಿ ಮುರಿದರೂ, ದನ ತಿಂದರೂ ಮರ ಡೊಂಕಾಗುತ್ತದೆ. ಆದರೂ ಒಳ್ಳೆಯ ತಳಿಯನ್ನೇ ಕಡಿಯುತ್ತ ಹೋದರೆ ಹಾಡಿ ಕೆಡದೆ ಇರುತ್ತದಾ? ತೆನೆ ಗಟ್ಟಿ ಇದ್ದ ಭತ್ತವನ್ನೆಲ್ಲ ಊಟಕ್ಕೆ ಹಾಕಿ, ಜೊಳ್ಳನ್ನು ಬೀಜಕ್ಕೆ ಇಟ್ಟ ಹಾಗೆ.

ಕುಮ್ಕಿ

ವ್ಯಾಪಾರ ನಿಂತದ್ದು ಮಾತ್ರ ಬೇರೆ ಕಾರಣಕ್ಕೆ. ಪಹಣಿ ಹಿಡಿದು ಸರ್ವೆ ಮಾಡಿಸಿದಾಗ 23ರಲ್ಲಿ 9 ಮರ ಕುಮ್ಕಿಯಲ್ಲಿ ನಿಂತಿದ್ದವು.

ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ವರ್ಗ ಜಾಗದ, ಅಂದರೆ ಸ್ವಂತ ಪಟ್ಟಾ ಜಾಗದ, ಗಡಿಯಿಂದ 100 ಗಜದವರೆಗಿನ ಸರ್ಕಾರಿ ಜಾಗದಲ್ಲಿ ವರ್ಗದಾರನಿಗೆ ಕೆಲವು ಸವಲತ್ತು ಉಂಟು. ಸೊಪ್ಪು, ದರಗು, ಸ್ವಂತ ಬೇಸಾಯಕ್ಕೆ, ಮನೆಗೆ ಬೇಕಾದ ಕಟ್ಟಿಗೆ. ಮದ್ರಾಸು ಪ್ರಾಂತ್ಯದ ಕಾಲದಿಂದ ಬಂದದ್ದು, 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯೂ ಅದನ್ನು ಉಳಿಸಿದೆ. ಆದರೆ ಜಾಗ ಸರ್ಕಾರದ್ದು. ಅಲ್ಲಿನ ಮರ ಮಾರುವ ಹಾಗಿಲ್ಲ. ಮೂರು ತಲೆಮಾರು ನೋಡಿಕೊಂಡ ಮರ ನಮ್ಮದೇ ಅಂತ ಮನೆಯವರಿಗೆ ಅನಿಸುವುದು ಸಹಜ. ದೊಡ್ಡಪ್ಪನೂ ಹಾಗೇ ತಿಳಿದಿದ್ದರು. ಒಟ್ಟು ಬೆಲೆಗೆ ಕೊಟ್ಟು ಬಿಟ್ಟಿದ್ದರೆ ಕೇಸು ಬೀಳುತ್ತಿದ್ದದ್ದು ಅವರ ತಲೆಗೇ.

ಉಳಿದದ್ದು ವರ್ಗದ 14 ಮರ. ಅದಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. 14ರಲ್ಲಿ 6 ನೆಟ್ಟಗಿನವು, 8 ಡೊಂಕು. 6 ಮಾತ್ರ ಸಾಕು, ಆದರೆ ಬೆಲೆ ಕಡಿಮೆ ಎಂದು ವ್ಯಾಪಾರಿ ಹೇಳಿಕಳಿಸಿದರು. ಅವರ ದೃಷ್ಟಿಯಲ್ಲಿ ಅದು ಸರಿಯೇ.

ಆ ರಾತ್ರಿ ಚಾವಡಿಯಲ್ಲಿ ಕೂತು ಮಾತಾಡಿದೆವು. ಹುಡುಗ ಕೇಳಿದ, “ದೊಡ್ಡಪ್ಪ, ಈ ಸಲ ತಿರುಗಿಸಿ ಮಾಡಿದರೆ ಎಂತ? ಡೊಂಕನ್ನು ಕಡಿಯುವ, ಚಂದದ್ದನ್ನು ಬಿಡುವ.”

“ಡೊಂಕನ್ನು ಯಾರು ತೆಗೆದುಕೊಳ್ತಾರೆ ಮಗಾ?”

ಮುಂದಿನ 6 ವರ್ಷ ಆ ಪ್ರಶ್ನೆಗೆ ಉತ್ತರ ಹುಡುಕಿದ್ದೇ ಈ ಪ್ರಕರಣ.

ಮೊದಲ ವರ್ಷದ ತಪ್ಪುಗಳು

ಹುಡುಗ 3 ವರ್ಷ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದವನು. ಅಲ್ಲಿನ ಕೆಂಟ್ ಕಡೆ ಚೆಸ್ಟ್‌ನಟ್ ಹಾಡಿಗಳನ್ನು ನೋಡಿದ್ದ. ಆ ಮರ ಯುರೋಪಿಗೆ ನಮ್ಮ ಹಲಸಿನ ಹಾಗೆ, ತಿನ್ನಲೂ ಆಗುತ್ತದೆ, ನಾಟಾಕ್ಕೂ ಆಗುತ್ತದೆ. ಫ್ರಾನ್ಸಿನ ಸೆವೆನ್ (Cévennes) ಎಂಬ ಬೆಟ್ಟಸಾಲಿನಲ್ಲಿ ಅದನ್ನು ರೊಟ್ಟಿಯ ಮರ ಎಂದೇ ಕರೆಯುತ್ತಿದ್ದರು. ಬಡವರು ಅದರ ಕಾಯಿಯ ಹಿಟ್ಟು ತಿಂದು ಚಳಿಗಾಲ ಕಳೆಯುತ್ತಿದ್ದರಂತೆ. ಕೆಂಟ್‌ನಲ್ಲಿ ಅದನ್ನು 12ರಿಂದ 20 ವರ್ಷಕ್ಕೊಮ್ಮೆ ಬುಡದಲ್ಲಿ ಕಡಿಯುತ್ತಾರೆ. ಬುಡ ಮತ್ತೆ ಚಿಗುರುತ್ತದೆ. ಸಿಕ್ಕ ಗಳಗಳನ್ನು ಸೀಳಿ ಬೇಲಿ ಕಂಬ ಮಾಡುತ್ತಾರೆ. ಔಷಧಿ ಏನೂ ಬೇಡ, ಎಷ್ಟೋ ವರ್ಷ ಮಣ್ಣಿನಲ್ಲಿ ನಿಲ್ಲುತ್ತದೆ. ಸಣ್ಣ ಮರಕ್ಕೂ ಬೆಲೆ ಬರುವುದು ಹೀಗೆ.

ನಮ್ಮ ಹಾಡಿಯಲ್ಲಿ ತೊಡೆ ಗಾತ್ರದ ಎಳೆ ಹೆಬ್ಬಲಸು ದಟ್ಟವಾಗಿ ಎದ್ದಿದ್ದವು. ಹೇಗೂ ಕೆಲವನ್ನು ಕಡಿದು ಉಳಿದವಕ್ಕೆ ಜಾಗ ಬಿಡಿಸಿ ಕೊಡಬೇಕಿತ್ತು. ಅನುಮತಿಯ ಅರ್ಜಿಯಲ್ಲಿ ಅವನ್ನೂ ಸೇರಿಸಿದೆವು. 60 ಗಳ ಕಡಿದು ತೋಟದ ಬೇಲಿಗೆ ಹಾಕಿದೆವು.

ಎರಡನೇ ಮಳೆಗಾಲಕ್ಕೆ ಮಣ್ಣಿನ ಮಟ್ಟದಲ್ಲಿ ಎಲ್ಲವೂ ಮುರಿದವು. ಕೈಯಲ್ಲಿ ಹಿಡಿದರೆ ಪುಡಿ.

ಕಾರಣ ಮರದ ಒಳಗೇ ಇತ್ತು. ಯಾವ ಮರಕ್ಕೂ ಬಾಳಿಕೆ ಬರುವುದು ಚೇಗಿನಿಂದ, ಅಂದರೆ ನಡುವಿನ ಬಲಿತ ತಿರುಳಿನಿಂದ, ಹೊರಗಿನ ಬಿಳಿ ಭಾಗದಿಂದ ಅಲ್ಲ. ಚೆಸ್ಟ್‌ನಟ್‌ನಲ್ಲಿ ಬಿಳಿ ತುಂಬಾ ತೆಳ್ಳಗೆ. ಎಳೆ ಗಳದಲ್ಲೂ ಒಳಗೆಲ್ಲ ಚೇಗೇ, ಅದರಲ್ಲಿ ಒಗರಿನ ಅಂಶವೂ ಜಾಸ್ತಿ. ನಮ್ಮ ಎಳೆ ಹೆಬ್ಬಲಸಿನಲ್ಲಿ ಬಹುಪಾಲು ಬಿಳಿ. ಬಲಿತ ಹೆಬ್ಬಲಸಿನ ಚೇಗು ನೂರು ವರ್ಷ ಮಾಡು ಹೊತ್ತದ್ದು ನಿಜ. ಆದರೆ ಬಲಿತ ಮರದ ಗುಣ ಎಳೆ ಮರಕ್ಕೆ ಬರುವುದಿಲ್ಲ. ಮಿಲ್ಲಿನಲ್ಲಿ ಅಷ್ಟು ವರ್ಷ ಇದ್ದವನು ನಾನು, ಗಳ ಕಡಿದ ದಿನ ಅಡ್ಡ ಕೊಯ್ದು ನೋಡಬೇಕಿತ್ತು. ನೋಡಲಿಲ್ಲ. ಬುಡಗಳಲ್ಲೂ ಕೆಲವು ಚಿಗುರಿದವು, ಚಿಗುರಿದ್ದನ್ನು ದನ ತಿಂದವು.

ಎರಡನೇ ತಪ್ಪು ಪೂರ್ತಿ ನನ್ನದು. ಅನುಮತಿ ಕೈಗೆ ಬರುವಾಗ ಏಪ್ರಿಲ್ ಕೊನೆ. ಅವಧಿ ಮುಗಿದರೆ ಕಷ್ಟ ಎಂದು ನಾನೇ ಅವಸರ ಮಾಡಿ ಮೇ ತಿಂಗಳಲ್ಲಿ 2 ಡೊಂಕು ಮರ ಕಡಿಸಿದೆ. ಜೂನ್ ಮೊದಲ ವಾರ ಮಳೆ ಹಿಡಿಯಿತು. ಲಾರಿ ಮೇಲೆ ಹತ್ತಲಿಲ್ಲ. ನಮ್ಮಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ದಿಮ್ಮಿಗಳು ಹಾಡಿಯಲ್ಲೇ ನೆನೆದವು. ತುದಿ ಸೀಳಿತು, ಬಿಳಿಗೆ ಬೂಸ್ಟು ಬಂತು, ಕುಟ್ಟೆ ಹುಳ ಹಿಡಿಯಿತು. ಅಕ್ಟೋಬರಿನಲ್ಲಿ ಮಿಲ್ಲಿಗೆ ಹಾಕಿದಾಗ ಅರ್ಧದಷ್ಟು ಮಾತ್ರ ಕೆಲಸಕ್ಕೆ ಬಂತು. ದೊಡ್ಡಪ್ಪ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಬೇಸರ ಆಗುತ್ತಿರಲಿಲ್ಲ.

ಆಚಾರಿ ಬಂದ ದಿನ

ಪ್ರಕರಣ ತಿರುಗಿದ್ದು ಮುಂದಿನ ನವೆಂಬರಿನಲ್ಲಿ, ಆಚಾರಿಯನ್ನು ಕರೆಸಿದ ದಿನ. ಅಲ್ಲಿಯವರೆಗೆ ನಾವು ಮಾಡುತ್ತಿದ್ದದ್ದು ಹೇಗೆಂದರೆ, ಮೊದಲು ಕಡಿಯುವುದು, ಆಮೇಲೆ ಇದನ್ನು ಎಂತ ಮಾಡುವುದು ಅಂತ ಯೋಚಿಸುವುದು. ಆಚಾರಿ ಹಾಡಿಗೆ ಬರುವ ಮೊದಲು ಮನೆಯ ಅಟ್ಟಕ್ಕೆ ಹತ್ತಿದರು. ಎರಡು ಗಂಟೆ ಅಲ್ಲೇ ಇದ್ದರು. ಕೆಳಗೆ ಬಂದು ಹೇಳಿದರು:

“ಪಕ್ಕಾಸು ಮುಕ್ಕಾಲು ಪಾಲು ಗಟ್ಟಿ ಉಂಟು. ಹಾಳಾದದ್ದು 11 ಮಾತ್ರ. ರೀಪು ಪಡುಬದಿಯದ್ದೆಲ್ಲ ಹೋಗಿದೆ. ಇದಕ್ಕೆ ಕಬ್ಬಿಣ ಯಾಕೆ?”

ರೀಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪಕ್ಕಾಸು ಮಾಡಿನ ಮೇಲಿನಿಂದ ಕೆಳಗೆ ಇಳಿಯುವ ತೊಲೆ, ಅದು ಉದ್ದಕ್ಕೇ ಬೇಕು. ರೀಪು ಅದರ ಮೇಲೆ ಅಡ್ಡಕ್ಕೆ ಹೊಡೆಯುವ ಪಟ್ಟಿ, ಹಂಚು ಕೂರುವುದು ಅದರ ಮೇಲೆ. ರೀಪಿಗೆ ಇಡೀ ಉದ್ದ ಬೇಡ. ಜೋಡಣೆ ಪಕ್ಕಾಸಿನ ಮೇಲೆಯೇ ಬೀಳುವ ಹಾಗೆ ನೋಡಿಕೊಂಡರೆ 4 ಅಡಿ, 5 ಅಡಿ ತುಂಡೂ ಸಾಕು. ಅಂದರೆ ಡೊಂಕು ಮರದ ಎರಡು ಬಾಗುಗಳ ನಡುವೆ ಸಿಗುವ ಗಿಡ್ಡ ನೇರ ಭಾಗ, ಯಾವುದನ್ನು ವ್ಯಾಪಾರಿ ಸೌದೆ ಅಂದಿದ್ದರೋ, ಅದರಲ್ಲೇ ಮಾಡಿನ ರೀಪೆಲ್ಲ ಬರುತ್ತದೆ.

ಆಚಾರಿ ಪಟ್ಟಿ ಬರೆದರು. ಯಾವ ಉದ್ದ, ಎಷ್ಟು. ಪಟ್ಟಿ ಹಿಡಿದು ಹಾಡಿಗೆ ಹೋಗಿ, ನಿಂತ ಮರದ ಮೇಲೆ ಸುಣ್ಣದಲ್ಲಿ ಗೆರೆ ಹಾಕಿದರು. ಇಲ್ಲಿಂದ ಇಲ್ಲಿಗೆ ಪಕ್ಕಾಸು, ಇಲ್ಲಿಂದ ಇಲ್ಲಿಗೆ ರೀಪು, ಈ ಬಾಗು ಬೇರೆ ಇಡಿ. ಕಡಿಯುವವರಿಗೆ ಎಲ್ಲೆಲ್ಲಿ ತುಂಡು ಮಾಡಬೇಕು ಅಂತ ಮೊದಲೇ ಗೊತ್ತಿತ್ತು. ಕಣ್ಣಳತೆಗೆ 10 ಅಡಿ ಅಂತ ಕತ್ತರಿಸಿ, 11 ಅಡಿ ಬೇಕಾದಾಗ ಕೈಹಿಸುಕಿಕೊಳ್ಳುವುದನ್ನು ನಾನು ಮಿಲ್ಲಿನಲ್ಲಿ ಎಷ್ಟು ಸಲ ನೋಡಿದ್ದೇನೋ. ಇಲ್ಲಿ ಒಂದು ತುಂಡೂ ಹಾಗೆ ಹಾಳಾಗಲಿಲ್ಲ.

ಹೊಸ ಅನುಮತಿ ಪಡೆದು ಡಿಸೆಂಬರ್ ಕೊನೆಗೆ ಉಳಿದ 6 ಡೊಂಕು ಮರ ಕಡಿದದ್ದು. ಜನವರಿಯಲ್ಲೇ ಮಿಲ್ಲಿನಲ್ಲಿ ಕೊಯ್ಸಿ, ಅಡಿಕೆ ಒಣಗಿಸುವ ಅಂಗಳದ ಪಕ್ಕದ ಕೊಟ್ಟಿಗೆಯಲ್ಲಿ ಜೋಡಿಸಿದೆವು. ಪ್ರತಿ ಸಾಲಿನ ನಡುವೆ ಒಂದಿಂಚಿನ ಅಡ್ಡಪಟ್ಟಿ, ಗಾಳಿ ಆಡಬೇಕಲ್ಲ. ಬಿಸಿಲು ನೇರ ಬೀಳದ ಹಾಗೆ ಮಡಲಿನ ತಟ್ಟಿ ಕಟ್ಟಿದೆವು. ತುದಿಗಳಿಗೆ ಹಳೆಯ ಪೈಂಟ್ ಬಳಿದೆವು, ಇಲ್ಲದಿದ್ದರೆ ನೀರು ತುದಿಯಿಂದ ಬೇಗ ಹೋಗಿ ಸೀಳುತ್ತದೆ. ಹುಡುಗ ಒಂದು ಹಲಗೆಗೆ ಗುರುತು ಹಾಕಿ 15 ದಿನಕ್ಕೊಮ್ಮೆ ಅಡಿಕೆ ತೂಕದ ಕಾಟಾದಲ್ಲಿ ತೂಗಿ ಬರೆಯುತ್ತಿದ್ದ. ತೂಕ ಇಳಿಯುವುದು ನಿಂತಾಗ ಒಣಗಿತು ಅಂತ ಲೆಕ್ಕ. ರೀಪು ಏಪ್ರಿಲ್‌ಗೆ ನಿಂತಿತು. ದಪ್ಪದ್ದು ನಿಲ್ಲಲಿಲ್ಲ, ಅದನ್ನು ಮಳೆಗಾಲ ಕಳೆದು ಮುಂದಿನ ಬೇಸಿಗೆಗೆ ಬಿಟ್ಟೆವು.

ರೀಪಿನಲ್ಲಿ ಬಿಳಿ ಇದ್ದ ಪಟ್ಟಿಗಳನ್ನು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ಮುಳುಗಿಸಿದೆವು. ಕುಟ್ಟೆಗೂ ಒರಲೆಗೂ ಅದು ಆಗುತ್ತದೆ. ಆದರೆ ಮಳೆ ಬಿದ್ದರೆ ತೊಳೆದು ಹೋಗುತ್ತದೆ, ಹಾಗಾಗಿ ಬೇಲಿಗೆ ಉಪಯೋಗವಿಲ್ಲ, ಹಂಚಿನ ಅಡಿಗೆ ಸರಿ. ಬೇಲಿಯಲ್ಲಿ ಸೋತ ಎಳೆ ಗಳವೂ ಹೀಗೆ ಮಾಡಿದರೆ ಕೊಟ್ಟಿಗೆಯ ಒಳಗಿನ ಕೆಲಸಕ್ಕೆ ನಿಲ್ಲುತ್ತದೆ. ಮರ ಅದೇ, ಜಾಗ ಮಾತ್ರ ಬೇರೆ.

ಬಾಗಿದ ತುಂಡುಗಳು

6 ಮರಗಳಲ್ಲಿ 3 ಹಲಸಿನದ್ದು. ಪಕ್ಕದ ತಾಲೂಕಿನಿಂದ ಮದ್ದಳೆ ಮಾಡುವವರೊಬ್ಬರು ಬಂದರು. ಯಕ್ಷಗಾನದ ಮದ್ದಳೆಗೆ, ಚೆಂಡೆಗೆ ಹಲಸು ಒಳ್ಳೆಯ ಮರ. ಅವರಿಗೆ ಉದ್ದ ಬೇಡ, ಗಂಟು ಇರಬಾರದು, ಸೀಳು ಇರಬಾರದು, ಬಲಿತಿರಬೇಕು. ಬೆರಳಿನಿಂದ ತಟ್ಟಿ ತಟ್ಟಿ ನೋಡಿದರು. ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಕೂತು 7 ತುಂಡು ಆರಿಸಿದರು. ಆ 7 ತುಂಡಿಗೆ ಬಂದ ಹಣ, ವ್ಯಾಪಾರಿ ಆ ಮೂರೂ ಮರಕ್ಕೆ ಹಾಕಿದ್ದ ಬೆಲೆಗಿಂತ ಜಾಸ್ತಿ.

ದೊಡ್ಡಮ್ಮ ತನ್ನ ಲೆಕ್ಕ ಬೇರೆ ಇಟ್ಟಿದ್ದರು. ಊಟದ ಮಣೆ, ಮೆಟ್ಟುಕತ್ತಿಯ ಮಣೆ, ಚಾವಡಿಗೆ ಒಂದು ಬೆಂಚು. ಆಚಾರಿಯ ಮಗ ಉಳಿದ ಗಿಡ್ಡ ಹಲಗೆಗಳನ್ನು ಅಂಚಿಗೆ ಅಂಚು ಅಂಟಿಸಿ ಕಪಾಟಿನ ಬಾಗಿಲು ಮಾಡಿದ. ಊರಿನ ನಾಲ್ಕು ಮನೆಯವರು ಅದನ್ನು ನೋಡಿ ತಮಗೂ ಬೇಕೆಂದರು.

ಆಗದೆ ಇದ್ದದ್ದೂ ಉಂಟು. ಪೇಟೆಯ ಒಂದು ಪೀಠೋಪಕರಣದ ಅಂಗಡಿಯವರು 7 ಅಡಿಯ ನೇರ ಹಲಗೆಯೇ ಬೇಕು, ಅದೂ ಪ್ರತಿ ತಿಂಗಳು ಒಂದೇ ಸಮ ಬರಬೇಕು ಎಂದರು. ನಾಲ್ಕೂವರೆ ಎಕರೆ ಹಾಡಿಯಿಂದ ಅದು ಸಾಧ್ಯವಿಲ್ಲ. ಪಣಂಬೂರಿನ ಬಂದರಿನಲ್ಲಿ ಹೊರದೇಶದ ದಿಮ್ಮಿ ಬಂದು ಇಳಿಯುವಾಗ ಅವರಿಗೆ ನಮ್ಮದು ಬೇಕಾಗಿಯೂ ಇಲ್ಲ. ಬಾಗಿದ ದಪ್ಪ ಗೆಲ್ಲುಗಳಿಗೆ ಹಿಂದೆ ದೋಣಿ ಕಟ್ಟುವವರು ಹುಡುಕಿಕೊಂಡು ಬರುತ್ತಿದ್ದರು. ದೋಣಿಯ ಒಳಗಿನ ಪಕ್ಕೆಲುಬಿಗೆ ಹುಟ್ಟು ಬಾಗು ಇದ್ದ ಮರವೇ ಗಟ್ಟಿ. ಹುಡುಗ ಮಲ್ಪೆಗೆ ಎರಡು ಸಲ ಹೋಗಿ ಬಂದ. ಈಗ ಫೈಬರ್, ಕಬ್ಬಿಣ. ಆ ಬಾಗುಗಳು ಕೊನೆಗೂ ಸೌದೆಯೇ ಆದವು. ನನಗೆ ಅದೊಂದು ಬೇಸರ ಉಳಿದಿದೆ.

ದೂರಕ್ಕೆ ಸಾಗಿಸಲು ಪ್ರತಿ ಸಲ ಸಾಗಾಟದ ರಹದಾರಿ, ಲಾರಿ ಬಾಡಿಗೆ. ಸಣ್ಣ ಪ್ರಮಾಣಕ್ಕೆ ಅದು ಹೊಂದುವುದಿಲ್ಲ. ಹಾಗಾಗಿ ಮರ 10 ಕಿ.ಮೀ. ಒಳಗೇ ಬಳಕೆಯಾಗಬೇಕು ಎಂದು ಮೂರನೇ ವರ್ಷ ತೀರ್ಮಾನ ಮಾಡಿದೆವು. ಆಮೇಲೆ ತಲೆಬಿಸಿ ಕಡಿಮೆಯಾಯಿತು.

ಲೆಕ್ಕ ಹೇಳದಿದ್ದರೆ ಪ್ರಕರಣ ಅರ್ಧ. ಕೈಗೆ ಬಂದ ನಗದು, ವ್ಯಾಪಾರಿ 23 ಮರಕ್ಕೆ ಹೇಳಿದ್ದ ಬೆಲೆಯ ಮೂರರಲ್ಲಿ ಒಂದು ಪಾಲು. ಮಾಡಿಗೆ ಮರ ಕೊಳ್ಳದೆ, ಕಬ್ಬಿಣ ಹಾಕದೆ ಉಳಿದ ಖರ್ಚು ಸೇರಿಸಿದರೆ ಹೆಚ್ಚುಕಡಿಮೆ ಅದಕ್ಕೆ ಸಮ. ಮನೆಯವರ ದುಡಿಮೆ, ನನ್ನ ಓಡಾಟ ಇದರಲ್ಲಿ ಸೇರಿಲ್ಲ. 6 ನೆಟ್ಟಗಿನ ಮರ ಇನ್ನೂ ನಿಂತಿವೆ. ಹಣ ಮಾತ್ರ ಒಂದೇ ಸಲಕ್ಕೆ ಬರಲಿಲ್ಲ, 3 ವರ್ಷದಲ್ಲಿ ಬಂತು. ಆಸ್ಪತ್ರೆ ಖರ್ಚಿಗೋ ಮದುವೆಗೋ ನಾಳೆಯೇ ಹಣ ಬೇಕಾದ ಮನೆಗೆ ಈ ದಾರಿ ಹೇಳಲು ನನಗೆ ಧೈರ್ಯವಿಲ್ಲ. ಈ ಮನೆಗೆ ಅಡಿಕೆ ಇತ್ತು, ಕಾಯಲು ಆಯಿತು.

ಬೀಜ

ಕಡಿದ ಜಾಗದಲ್ಲಿ ಬೆಳಕು ಬಿತ್ತು. ಅಲ್ಲಿ ಎಂತ ಹಾಕುವುದು? ಹಾಡಿಯ ಅತಿ ಚಂದದ ಹೆಬ್ಬಲಸು ನಾಗಬನದಲ್ಲಿತ್ತು. ಯಾರೂ ಕಡಿಯದೆ ಉಳಿದದ್ದಕ್ಕೇ ಅಷ್ಟು ಚಂದ. ದೊಡ್ಡಪ್ಪ ಪ್ರಾರ್ಥನೆ ಮಾಡಿ, ಬನದ ಕಟ್ಟೆಯ ಹೊರಗೆ ಬಿದ್ದ ಹಣ್ಣುಗಳನ್ನು ಮಾತ್ರ ಹೆಕ್ಕಿಸಿದರು. ಹೆಬ್ಬಲಸಿನ ಬೀಜ ಒಣಗಿದರೆ ಹುಟ್ಟುವುದಿಲ್ಲ, ಇಟ್ಟುಕೊಳ್ಳುವ ಬೀಜ ಅಲ್ಲ ಅದು. ಹೆಕ್ಕಿದ ವಾರದೊಳಗೆ ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿದೆವು. 140 ಸಸಿ ಎದ್ದವು, ಮುಂದಿನ ಮಳೆಗೆ 90 ನೆಟ್ಟೆವು. ಸುತ್ತ ಮುಳ್ಳು ಕಟ್ಟಿದೆವು, ದನದ ಪಾಠ ಕಲಿತಾಗಿತ್ತು. ಈಗ 52 ಉಳಿದಿವೆ.

ಇಡೀ ಹಾಡಿಯನ್ನೇ ಹೆಬ್ಬಲಸು ಮಾಡಿಬಿಡುವ ಎಂದು ಒಬ್ಬರು ಸಲಹೆ ಕೊಟ್ಟರು. ಬೇಡ ಎಂದವನು ಹುಡುಗನೇ. ಅಮೆರಿಕದ ಪೂರ್ವದ ಕಾಡುಗಳಲ್ಲಿ ಚೆಸ್ಟ್‌ನಟ್ ಅಷ್ಟು ತುಂಬಿತ್ತಂತೆ. 1904ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಶಿಲೀಂಧ್ರದ ರೋಗ ಕಣ್ಣಿಗೆ ಬಿತ್ತು, ಏಷ್ಯಾದಿಂದ ಬಂದದ್ದು. 50 ವರ್ಷದೊಳಗೆ 300ರಿಂದ 400 ಕೋಟಿ ಮರ ಹೋದವು ಎಂದು ಅಂದಾಜು. ಹಳದಿ ರೋಗಕ್ಕೆ ಅಡಿಕೆ ತೋಟ ಖಾಲಿಯಾದದ್ದನ್ನು ಕಂಡ ದೊಡ್ಡಪ್ಪನಿಗೆ ಇದು ತಕ್ಷಣ ಅರ್ಥವಾಯಿತು. ಮತ್ತಿ, ಬೋಗಿ, ಪುನರ್ಪುಳಿ ಹಾಗೇ ಉಳಿದವು.

ಇಂಥ ಹಾಡಿ ಇದ್ದವರು ನನ್ನ ಹತ್ತಿರ ಬಂದರೆ ನಾನು ಈಗ ಮೊದಲು ಕೇಳುವುದು ಮರ ಎಷ್ಟು ಉಂಟು ಎಂದಲ್ಲ. ಮನೆಯ ಮಾಡು ಹೇಗಿದೆ, ಹಟ್ಟಿ ಹೇಗಿದೆ, ಊರಿನಲ್ಲಿ ಕೈ ಪಳಗಿದ ಆಚಾರಿ ಯಾರಿದ್ದಾರೆ ಎಂದು. ಆಮೇಲೆ ಸರ್ವೆ. ಅರ್ಜಿ ಹಾಕುವುದಾದರೆ ಜುಲೈ, ಆಗಸ್ಟ್‌ನಲ್ಲೇ ಹಾಕಿ ಎನ್ನುತ್ತೇನೆ, ಡಿಸೆಂಬರಿಗೆ ಕಾಗದ ಕೈಯಲ್ಲಿರಬೇಕು. ಇನ್ನು ಚಂದದ ಮರದ ಮೇಲೆ ಕಣ್ಣು ಹೋದರೆ, ಅದರ ಬೀಜದಿಂದ ಎದ್ದ ಸಸಿ ಎಷ್ಟಿವೆ ತೋರಿಸಿ ಎನ್ನುತ್ತೇನೆ.

ಈ ಡಿಸೆಂಬರಿಗೆ ಮತ್ತೆ 3 ಮರ ಎಂದು ತೀರ್ಮಾನವಾಗಿದೆ. 2 ಡೊಂಕು, 1 ನೆಟ್ಟಗಿನದು. ನೆಟ್ಟಗಿನದನ್ನು ಕಡಿಯಲು ದೊಡ್ಡಪ್ಪ ಒಪ್ಪಿದ್ದು ಅದರ ಬುಡದ ಸುತ್ತ 11 ಸಸಿ ಎದೆಮಟ್ಟ ಬಂದಮೇಲೆ. ಆಚಾರಿಯ ಪಟ್ಟಿ ಮೊನ್ನೆ ಬಂತು: ಹಟ್ಟಿಯ ಮಾಡಿಗೆ 9 ಅಡಿಯ ಪಕ್ಕಾಸು 12, ರೀಪು ಸಿಕ್ಕಷ್ಟು, ಹುಡುಗನ ಮಗಳಿಗೆ ಒಂದು ಓದುವ ಮೇಜು.